ಒಂದೊಂದು ಆಪ್‌ಗೆ ಇಷ್ಟೇ ಬ್ಯಾಟರಿ ಅಂತ ಓಎಸ್ ಯಾಕೆ ಹಂಚುವುದಿಲ್ಲ?

ಏಳನೇ_ಸೆಮ್

ಎಲ್ಲರಿಗೂ ನಮಸ್ಕಾರ. ಓಎಸ್ (ಆಪರೇಟಿಂಗ್ ಸಿಸ್ಟಂ) ಓದುವಾಗಿಂದ ಒಂದು ಪ್ರಶ್ನೆ ತಲೆ ತಿನ್ನುತ್ತಿದೆ.

ಸಿಪಿಯು ಸಮಯವನ್ನು ಓಎಸ್ ಮಿಲಿಸೆಕೆಂಡ್ ಲೆಕ್ಕದಲ್ಲಿ ಹಂಚುತ್ತದೆ. ಮೆಮೊರಿಯನ್ನು ಪೇಜ್ ಲೆಕ್ಕದಲ್ಲಿ ಕೊಡುತ್ತದೆ. ಡಿಸ್ಕ್‌ಗೆ ಕೋಟಾ ಇದೆ. ಲಿನಕ್ಸ್‌ನ ಸಿಗ್ರೂಪ್ (ಪ್ರೋಸೆಸ್‌ಗಳನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಂಗಳನ್ನು, ಗುಂಪು ಮಾಡಿ ಮಿತಿ ಹಾಕುವ ಸೌಲಭ್ಯ) ತೆಗೆದು ನೋಡಿದೆ. ಸಿಪಿಯು, ಮೆಮೊರಿ, ಐಓ ಎಲ್ಲಕ್ಕೂ ಕಂಟ್ರೋಲರ್ ಇದೆ. ಎಷ್ಟು ಪ್ರೋಸೆಸ್ ಹುಟ್ಟಿಸಬಹುದು ಎನ್ನುವುದಕ್ಕೂ ಮಿತಿ ಇದೆ. ಎನರ್ಜಿಗೆ ಮಾತ್ರ ಏನೂ ಇಲ್ಲ!

ಫೋನ್‌ನಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾಗುವುದೇ ಬ್ಯಾಟರಿ ಅಲ್ವಾ? "ಈ ವಿಡಿಯೋ ಆಪ್‌ಗೆ ದಿನಕ್ಕೆ ಶೇ. 10 ಸಾಕು, ಕಾಲ್ ಮತ್ತು ಮ್ಯಾಪ್‌ಗೆ ಶೇ. 30 ತೆಗೆದಿಡು" ಅಂತ ಯಾಕೆ ಹೇಳಲಾಗುವುದಿಲ್ಲ? ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಯಾವ ಆಪ್ ಎಷ್ಟು ತಿಂದಿದೆ ಅಂತ ತೋರಿಸುತ್ತದೆ. ಅಳೆಯುವುದಕ್ಕೆ ಬರುತ್ತದೆ ಅಂದಮೇಲೆ ಕಡಿವಾಣ ಹಾಕುವುದಕ್ಕೇನು ಕಷ್ಟ? ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಇದನ್ನೇ ತೆಗೆದುಕೊಳ್ಳೋಣ ಅಂತಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದುಬಿಡಿ.

ಕರ್ನಲ್_ಕಟ್ಟೆ

ಬೈಯುವ ಮಾತೇ ಇಲ್ಲ. ನೀವು ಕೇಳಿದ್ದನ್ನು 2002ರಲ್ಲೇ ಮಾಡಿ ತೋರಿಸಿದ್ದಾರೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಹೆಂಗ್ ಜೆಂಗ್, ಕಾರ್ಲಾ ಎಲ್ಲಿಸ್, ಆಲ್ವಿನ್ ಲೆಬೆಕ್, ಅಮೀನ್ ವಾಹ್ದಾತ್ ಸೇರಿ ಲಿನಕ್ಸನ್ನು ತಿದ್ದಿ ಇಕೋಸಿಸ್ಟಂ ಅಂತ ಒಂದು ವ್ಯವಸ್ಥೆ ಕಟ್ಟಿದರು. ಓಡಿಸಿದ್ದು ಥಿಂಕ್‌ಪ್ಯಾಡ್ ಟಿ20 ಲ್ಯಾಪ್‌ಟಾಪ್ ಮೇಲೆ. ಎನರ್ಜಿಗೆ ಒಂದು ನಾಣ್ಯ ಇಟ್ಟರು, ಕರೆಂಟ್ಸಿ ಅಂತ. ಸಿಪಿಯು ಬಳಸಿದರೂ ಅದೇ ನಾಣ್ಯ, ಡಿಸ್ಕ್ ತಿರುಗಿಸಿದರೂ ಅದೇ, ನೆಟ್‌ವರ್ಕ್ ಮುಟ್ಟಿದರೂ ಅದೇ. "ಬ್ಯಾಟರಿ ಇಷ್ಟು ಗಂಟೆ ಬರಬೇಕು" ಅಂತ ಬಳಕೆದಾರ ಹೇಳುತ್ತಾನೆ. ಅದಕ್ಕೆ ತಕ್ಕಂತೆ ಒಂದೊಂದು ಅವಧಿಗೆ ಎಷ್ಟು ನಾಣ್ಯ ಬಿಡಬಹುದು ಅಂತ ಓಎಸ್ ಲೆಕ್ಕ ಹಾಕಿ, ಆಪ್‌ಗಳಿಗೆ ಅವರವರ ಪಾಲಿನಷ್ಟು ಹಂಚುತ್ತದೆ. ನಾಣ್ಯ ಮುಗಿದರೆ ಆ ಪ್ರೋಸೆಸ್ ಓಡುವ ಹಾಗಿಲ್ಲ. ಮುಂದಿನ ಅವಧಿಯವರೆಗೆ ಕಾಯಬೇಕು. ಉಳಿಸಿ ಗುಡ್ಡೆ ಹಾಕಿಕೊಳ್ಳುವುದಕ್ಕೂ ಒಂದು ಮಿತಿ.

ಅದಕ್ಕೂ ಮೂರು ವರ್ಷ ಮೊದಲು, 1999ರಲ್ಲಿ, ಕಾರ್ನೆಗಿ ಮೆಲನ್‌ನಲ್ಲಿ ಜೇಸನ್ ಫ್ಲಿನ್ ಮತ್ತು ಸತ್ಯನಾರಾಯಣನ್ ಬೇರೆ ದಾರಿ ಹಿಡಿದಿದ್ದರು. ಅವರ ಒಡಿಸ್ಸಿ ವ್ಯವಸ್ಥೆ ಆಪ್ ನಿಲ್ಲಿಸುತ್ತಿರಲಿಲ್ಲ. "ಬ್ಯಾಟರಿ ಸಾಲದು, ಸ್ವಲ್ಪ ಕಡಿಮೆ ಮಾಡಿಕೋ" ಅಂತ ಆಪ್‌ಗೇ ಹೇಳುತ್ತಿತ್ತು. ವಿಡಿಯೋ ಇದ್ದರೆ ಗುಣಮಟ್ಟ ಇಳಿಸುವುದು, ಮ್ಯಾಪ್ ಇದ್ದರೆ ಸಣ್ಣ ರಸ್ತೆಗಳನ್ನು ಬಿಡುವುದು, ಈ ರೀತಿ. ನನಗೆ ವೈಯಕ್ತಿಕವಾಗಿ ಈ ದಾರಿಯೇ ಇಷ್ಟ.

ಎರಡೂ ಕೆಲಸ ಮಾಡಿದವು. ಎರಡೂ ನಿಮ್ಮ ಫೋನ್‌ಗೆ ಬರಲಿಲ್ಲ. ಪ್ರಾಜೆಕ್ಟ್ ಶುರು ಮಾಡುವ ಮುಂಚೆ ಯಾಕೆ ಬರಲಿಲ್ಲ ಅಂತ ಯೋಚಿಸಿ ನೋಡಿ.

ಸಂಶಯ_ಪಿಶಾಚಿ

"ಅಳೆಯುವುದಕ್ಕೆ ಬರುತ್ತದೆ" ಅಂದಿರಲ್ಲ, ಅಲ್ಲೇ ನನ್ನ ತಕರಾರು. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಕಾಣುವ ಶೇಕಡಾವಾರು ಅಳತೆ ಅಲ್ಲ, ಅಂದಾಜು.

ಆಂಡ್ರಾಯ್ಡ್ ಫೋನ್ ಒಳಗೆ ಪವರ್ ಪ್ರೊಫೈಲ್ ಅಂತ ಒಂದು ಫೈಲ್ ಇರುತ್ತದೆ. ಸ್ಕ್ರೀನ್ ಆನ್ ಇದ್ದರೆ ಇಷ್ಟು ಮಿಲಿಆಂಪ್, ವೈಫೈ ಓಡುತ್ತಿದ್ದರೆ ಇಷ್ಟು, ಸಿಪಿಯು ಈ ವೇಗದಲ್ಲಿದ್ದರೆ ಇಷ್ಟು ಅಂತ ಫೋನ್ ಮಾಡಿದ ಕಂಪನಿ ತುಂಬಿಟ್ಟಿರುತ್ತದೆ. ಯಾವ ಆಪ್ ಯಾವುದನ್ನು ಎಷ್ಟು ಹೊತ್ತು ಬಳಸಿತು ಅಂತ ಓಎಸ್ ಬರೆದಿಟ್ಟುಕೊಂಡು, ಹೊತ್ತನ್ನು ಮಿಲಿಆಂಪ್‌ನಿಂದ ಗುಣಿಸುತ್ತದೆ. ಅಷ್ಟೇ. ಕಂಪನಿ ಆ ಫೈಲಿನಲ್ಲಿ ಕಾಟಾಚಾರಕ್ಕೆ ಏನೋ ಸಂಖ್ಯೆ ತುಂಬಿದ್ದರೆ ನಿಮ್ಮ ಶೇ. 12 ಕೂಡ ಕಾಟಾಚಾರದ್ದೇ.

ಇತ್ತೀಚಿನ ಕೆಲವು ಫೋನ್‌ಗಳಲ್ಲಿ ನಿಜವಾದ ಮೀಟರ್ ಬಂದಿದೆ, ಒಪ್ಪುತ್ತೇನೆ. ಪಿಕ್ಸೆಲ್ 6ರಿಂದ ಈಚೆಗೆ ಒಳಗಿನ ಬೇರೆ ಬೇರೆ ಪವರ್ ಲೈನ್‌ಗಳನ್ನು ಅಳೆಯುವ ಚಿಪ್ ಇದೆ, ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ನೋಡಬಹುದು. ಆದರೆ ಅದು ಹೇಳುವುದು "ಡಿಸ್ಪ್ಲೇಗೆ ಇಷ್ಟು, ಮೋಡೆಮ್‌ಗೆ ಇಷ್ಟು" ಅಂತ. ಯಾವ ಆಪ್‌ಗೆ ಅಂತ ಅದಕ್ಕೂ ಗೊತ್ತಿಲ್ಲ.

ಏಳನೇ_ಸೆಮ್

ಆಯ್ತು, ಫೋನ್ ಬಿಡೋಣ. ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಸಿಪಿಯು ಒಳಗೇ ಮೀಟರ್ ಇದೆಯಂತಲ್ಲ, ರ್‍ಯಾಪಲ್ ಅಂತ? ಅದನ್ನು ಓದಿದರೆ ಸಾಕಲ್ವಾ?

ರಾತ್ರಿ_ಪಾಳಿ

ಸರ್ವರ್ ನೋಡಿಕೊಳ್ಳುವ ಕೆಲಸ ನಂದು, ದಿನಾ ಇದನ್ನೇ ನೋಡುತ್ತೇನೆ. ಹೇಳುತ್ತೇನೆ ಕೇಳಿ.

ಸ್ಯಾಂಡಿಬ್ರಿಜ್ ಅನ್ನುವ ಪೀಳಿಗೆ ಬಂದಾಗಿನಿಂದ, ಅಂದರೆ 2011ರಿಂದ, ಇಂಟೆಲ್ ಸಿಪಿಯುಗಳಲ್ಲಿ ಇದಿದೆ. ಮೊದಲು ಅದೂ ಅಂದಾಜಿನದ್ದೇ. ಆಮೇಲಿನ ಹ್ಯಾಸ್ವೆಲ್ ಪೀಳಿಗೆಯಿಂದ ನಿಜವಾಗಿ ಅಳೆಯಲು ಶುರುವಾಯಿತು. ಲಿನಕ್ಸ್‌ನಲ್ಲಿ ಸಿಸ್ ಕಡತಗಳ ಒಳಗೆ ಪವರ್‌ಕ್ಯಾಪ್ ಫೋಲ್ಡರ್‌ಗೆ ಹೋದರೆ ಎನರ್ಜಿ ಕೌಂಟರ್ ಸಿಗುತ್ತದೆ, ಮೈಕ್ರೋಜೌಲ್‌ನಲ್ಲಿ. ಒಂದು ಸಲ ಓದಿ, ಒಂದು ಸೆಕೆಂಡ್ ಬಿಟ್ಟು ಇನ್ನೊಂದು ಸಲ ಓದಿ. ಮೊದಲು 8,41,20,00,000 ಇತ್ತು, ಆಮೇಲೆ 8,41,84,00,000 ಆಯಿತು ಅಂದುಕೊಳ್ಳಿ. ವ್ಯತ್ಯಾಸ 64,00,000 ಮೈಕ್ರೋಜೌಲ್. ಅಂದರೆ ಒಂದು ಸೆಕೆಂಡಿಗೆ 6.4 ಜೌಲ್, 6.4 ವಾಟ್. ಮನೆ ಗೋಡೆಯ ಕರೆಂಟ್ ಮೀಟರ್ ಓದುವಷ್ಟೇ ಸುಲಭ. ಕೌಂಟರ್ ತುಂಬಿದರೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಅದಕ್ಕೆ ಕೋಡ್‌ನಲ್ಲಿ ಜಾಗ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮೈನಸ್ ವಾಟ್ ಬರುತ್ತದೆ.

ಎರಡು ಮಾತು ಮಾತ್ರ ನೆನಪಿರಲಿ. ಈ ಲೆಕ್ಕ ಇಡೀ ಸಿಪಿಯು ಪ್ಯಾಕೇಜ್‌ನದ್ದು. ಎಲ್ಲಾ ಕೋರ್, ಕ್ಯಾಶ್, ಒಳಗಿನ ಗ್ರಾಫಿಕ್ಸ್ ಸೇರಿ ಒಂದೇ ಸಂಖ್ಯೆ. ಸ್ಕ್ರೀನ್, ವೈಫೈ, ಎಸ್‌ಎಸ್‌ಡಿ ಇದರಲ್ಲಿ ಬರುವುದಿಲ್ಲ. ಎರಡನೆಯದು, ಈ ಕಡತ ಓದಲು ಈಗ ರೂಟ್ (ಅಡ್ಮಿನ್) ಆಗಬೇಕು. ಮುಂಚೆ ಯಾರು ಬೇಕಾದರೂ ಓದಬಹುದಿತ್ತು. 2020ರಲ್ಲಿ ಪ್ಲಾಟಿಪಸ್ ಅಂತ ಒಂದು ದಾಳಿಯನ್ನು ಸಂಶೋಧಕರು ತೋರಿಸಿದರು. ಬರೀ ಈ ಕೌಂಟರ್‌ನ ಏರಿಳಿತ ನೋಡಿಕೊಂಡೇ ಎನ್‌ಕ್ರಿಪ್ಷನ್ ಕೀ ಕದಿಯಬಹುದು ಅಂತ ಸಾಬೀತಾಯಿತು. ಕರೆಂಟ್ ಮೀಟರ್ ನೋಡಿ ತಿಜೋರಿ ನಂಬರ್ ಹೇಳಿದ ಹಾಗೆ ಅಂತ ಆಗ ಆಫೀಸಿನಲ್ಲಿ ತಮಾಷೆ ಮಾಡಿದ್ದೆವು. ನಗು ಜಾಸ್ತಿ ಹೊತ್ತು ಇರಲಿಲ್ಲ, ಎಲ್ಲಾ ಮಷೀನ್‌ಗೂ ಪ್ಯಾಚ್ ಹಾಕಬೇಕಾಯಿತು.

ಓಎಸ್_ಮೇಡಂ

ಪಾಠ ಮಾಡುವವಳು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಏಳನೇ ಸೆಮ್‌ನವರೇ, ನಿಮ್ಮ ಪ್ರಶ್ನೆ ಚೆನ್ನಾಗಿದೆ. ಆದರೆ ಎನರ್ಜಿಯನ್ನು ಸಿಪಿಯು ಸಮಯ ಮತ್ತು ಮೆಮೊರಿಯ ಪಂಕ್ತಿಯಲ್ಲಿ ಕೂರಿಸಿದ್ದೀರಿ. ಅದು ಆ ಪಂಕ್ತಿಯದ್ದಲ್ಲ.

ಮೆಮೊರಿ ಕೊಟ್ಟರೆ ವಾಪಸ್ ತೆಗೆದುಕೊಳ್ಳಬಹುದು. ಸಿಪಿಯು ಈ ಗಳಿಗೆ ಒಬ್ಬರಿಗೆ, ಮುಂದಿನ ಗಳಿಗೆ ಇನ್ನೊಬ್ಬರಿಗೆ. ನಾಳೆಯೂ ಅಷ್ಟೇ ಸಿಪಿಯು ಇರುತ್ತದೆ. ಜೌಲ್ ಖರ್ಚಾದರೆ ಆಯಿತು, ಪ್ರೋಸೆಸ್ ಕೊಂದರೂ ವಾಪಸ್ ಬರುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ. ಇದಕ್ಕಿಂತ ತೊಡಕಿನದ್ದು ಇನ್ನೊಂದಿದೆ: ಒಂದು ಕೆಲಸಕ್ಕೆ ಎಷ್ಟು ಜೌಲ್ ಬೇಕು ಅನ್ನುವುದೇ ಸ್ಥಿರವಾಗಿಲ್ಲ.

ಸಿಪಿಯುವಿನ ಪವರ್ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೋಲ್ಟೇಜ್ ಹಾಗೇ ಬಿಟ್ಟು ವೇಗ ಅರ್ಧ ಮಾಡಿದರೆ ಪವರ್ ಅರ್ಧವಾಗುತ್ತದೆ, ಆದರೆ ಕೆಲಸ ಎರಡರಷ್ಟು ಹೊತ್ತು ಹಿಡಿಯುತ್ತದೆ. ಉಳಿದದ್ದು ಸೊನ್ನೆ. ವೇಗದ ಜೊತೆ ವೋಲ್ಟೇಜ್ ಕೂಡ ಇಳಿದರೆ ಮಾತ್ರ ಲಾಭ. ಜೆರಾಕ್ಸ್ ಪಾರ್ಕ್‌ನಲ್ಲಿ ಮಾರ್ಕ್ ವೈಸರ್ ಮತ್ತು ಜೊತೆಗಾರರು 1994ರಲ್ಲೇ ಇದನ್ನು ಶೆಡ್ಯೂಲರ್ (ಯಾವ ಕೆಲಸ ಯಾವಾಗ, ಎಲ್ಲಿ ಓಡಬೇಕು ಅಂತ ನಿರ್ಧರಿಸುವ ಓಎಸ್ ಭಾಗ) ಕಣ್ಣಿನಿಂದ ನೋಡಿದರು. ಸೆಕೆಂಡಿಗೆ ಎಷ್ಟು ಇನ್‌ಸ್ಟ್ರಕ್ಷನ್ ಅನ್ನುವುದನ್ನು ಬಿಟ್ಟು, ಒಂದು ಜೌಲ್‌ಗೆ ಎಷ್ಟು ಇನ್‌ಸ್ಟ್ರಕ್ಷನ್ ಅಂತ ಕೇಳಿದರು. ನನ್ನ ಪ್ರಕಾರ ಈ ಇಡೀ ಚರ್ಚೆ ಶುರುವಾಗಿದ್ದೇ ಆ ಪ್ರಶ್ನೆಯಿಂದ.

ಈಗ ನಿಮ್ಮ ಬಜೆಟ್‌ಗೆ ಬನ್ನಿ. ಒಂದು ಆಪ್ ನಿಧಾನದ ಕೋರ್ ಮೇಲೆ ಓಡಿತು, ಅದೇ ಕೆಲಸ ಇನ್ನೊಂದು ಸಲ ವೇಗದ ಕೋರ್ ಮೇಲೆ ಓಡಿತು. ಎರಡನೇ ಸಲ ಖರ್ಚು ಜಾಸ್ತಿ. ಕೋರ್ ಆರಿಸಿದ್ದು ಆಪ್ ಅಲ್ಲ, ಶೆಡ್ಯೂಲರ್. ಬಿಲ್ ಮಾತ್ರ ಆಪ್‌ಗೆ. ನ್ಯಾಯವೇ?

ಇನ್ನು ರೇಡಿಯೋ. ಮೊಬೈಲ್ ಡೇಟಾ ಒಂದು ಸಲ ಎಚ್ಚರವಾದರೆ, ಕೆಲಸ ಮುಗಿದ ತಕ್ಷಣ ಮಲಗುವುದಿಲ್ಲ. ಇನ್ನೊಂದು ಪ್ಯಾಕೆಟ್ ಬಂದೀತೇನೋ ಅಂತ ಸ್ವಲ್ಪ ಹೊತ್ತು ಎದ್ದೇ ಕೂತಿರುತ್ತದೆ. ಒಲೆ ಹೊತ್ತಿಸಿದ್ದು ಅನ್ನಕ್ಕೆ ಅಂತ ಇಟ್ಟುಕೊಳ್ಳಿ, ಅದೇ ಕೆಂಡದ ಮೇಲೆ ಇನ್ನೊಬ್ಬರು ಬಂದು ಹಾಲು ಕಾಯಿಸಿಕೊಂಡು ಹೋದರು. ಕಟ್ಟಿಗೆ ಲೆಕ್ಕ ಯಾರ ಹೆಸರಿಗೆ ಬರೆಯುತ್ತೀರಿ?

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉತ್ತರ ಸಿಂಡರ್. ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ್ದು, 2011ರಲ್ಲಿ ಪ್ರಕಟವಾಯಿತು, ಎಚ್‌ಟಿಸಿ ಡ್ರೀಮ್ ಫೋನ್ ಮೇಲೆ ಓಡಿಸಿದರು. ಅದರಲ್ಲಿ ಎನರ್ಜಿ ಇಡಲು ತೊಟ್ಟಿಗಳು, ತೊಟ್ಟಿಯಿಂದ ತೊಟ್ಟಿಗೆ ಹರಿಸಲು ನಲ್ಲಿಗಳು. ನಲ್ಲಿಯನ್ನು ಎಷ್ಟು ತೆರೆಯಬೇಕು ಅಂತ ನಿಗದಿ ಮಾಡಬಹುದು. ಬ್ರೌಸರ್ ತನ್ನ ತೊಟ್ಟಿಯಿಂದ ಪ್ಲಗಿನ್‌ಗೆ ಒಂದು ಸಣ್ಣ ನಲ್ಲಿ ಬಿಡಬಹುದು. ಪ್ಲಗಿನ್ ಎಷ್ಟೇ ಕುಣಿದರೂ ಅದರ ಪಾಲು ಅಷ್ಟೇ. ಆ ಫೋನ್‌ನ ರೇಡಿಯೋ ಎಬ್ಬಿಸಿದರೆ ಮತ್ತೆ ಮಲಗುವ ಹೊತ್ತಿಗೆ ಕನಿಷ್ಠ ಸುಮಾರು 20 ಸೆಕೆಂಡ್, ಸುಮಾರು 9.5 ಜೌಲ್ ಖರ್ಚು. ಮೇಲ್ ನೋಡುವ ಆಪ್ ಹತ್ತಿರ ಅಷ್ಟಿಲ್ಲ, ಸುದ್ದಿ ತರುವ ಆಪ್ ಹತ್ತಿರವೂ ಅಷ್ಟಿಲ್ಲ. ಇಬ್ಬರೂ ವಂತಿಗೆ ಹಾಕುತ್ತಾರೆ. ಮೊತ್ತ ಸೇರಿದ ಮೇಲೆ ರೇಡಿಯೋ ಒಂದೇ ಸಲ ಏಳುತ್ತದೆ, ಇಬ್ಬರ ಕೆಲಸವೂ ಮುಗಿಯುತ್ತದೆ. ಬಜೆಟ್ ಇಟ್ಟಿದ್ದರಿಂದಲೇ ಇಬ್ಬರೂ ಒಟ್ಟಿಗೆ ಕೆಲಸ ಮಾಡುವ ಹಾಗಾಯಿತು. ಇದನ್ನು ಕ್ಲಾಸಿನಲ್ಲಿ ಹೇಳುವಾಗ ಪ್ರತಿ ಸಲ ಖುಷಿಯಾಗುತ್ತದೆ.

ಸಂಶಯ_ಪಿಶಾಚಿ

ಮೇಡಂ, ಖುಷಿ ಸರಿ. ಆದರೆ ಸಿಂಡರ್ ಎಲ್ಲಿದೆ ಈಗ? ಹೊಸ ಓಎಸ್, ಹೊಸ ಕರ್ನಲ್ (ಓಎಸ್‌ನ ತಿರುಳು), ಆಪ್‌ಗಳನ್ನೆಲ್ಲ ಹೊಸದಾಗಿ ಬರೆಯಬೇಕು. ಯಾರು ಬರೆಯುತ್ತಾರೆ?

ಇನ್ನೊಂದು. ಬಿಟ್ಟಿ ಆಪ್‌ಗಳ ಒಳಗೆ ಖರ್ಚು ಎಲ್ಲಿ ಹೋಗುತ್ತದೆ ಅಂತ 2012ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದವರು ನೋಡಿದರು, ಇಪ್ರೊಫ್ ಅನ್ನುವ ಸಾಧನ ಇಟ್ಟುಕೊಂಡು. ಅವರು ನೋಡಿದ ಆಪ್‌ಗಳಲ್ಲಿ ಎನರ್ಜಿಯ ಶೇ. 65ರಿಂದ 75 ಹೋಗುತ್ತಿದ್ದದ್ದು ಜಾಹೀರಾತಿನ ಕೋಡ್‌ಗೆ. ಜಾಹೀರಾತಿನ ಕೋಡ್ ಆಪ್‌ನ ಒಳಗೇ, ಅದೇ ಪ್ರೋಸೆಸ್‌ನಲ್ಲೇ ಇರುತ್ತದೆ. ಪ್ರೋಸೆಸ್‌ಗೆ ಬಜೆಟ್ ಹಾಕಿದರೆ ಏಟು ಬೀಳುವುದು ಆಟಕ್ಕೆ, ಜಾಹೀರಾತಿಗಲ್ಲ. ಕೊನೆಗೆ ಆಟ ನಿಂತು ಜಾಹೀರಾತು ಓಡುತ್ತಿರುತ್ತದೆ!

ಪಂಪ್‌ಸೆಟ್_ಆಪ್

ನೀವೆಲ್ಲ ಪೇಪರ್ ಬಗ್ಗೆ ಮಾತಾಡುತ್ತಿದ್ದೀರಿ. ಓಎಸ್ ಬ್ಯಾಟರಿ ಉಳಿಸಲು ಹೊರಟರೆ ನಮ್ಮಂಥವರ ಪಾಡೇನು ಅಂತ ಹೇಳುತ್ತೇನೆ.

ನಾವು ರೈತರಿಗೆ ಮೋಟರ್ ಸ್ಟಾರ್ಟರ್ ಆಪ್ ಮಾಡುತ್ತೇವೆ. ಹೊಲದಲ್ಲಿ ತ್ರೀಫೇಸ್ ಬಂದ ತಕ್ಷಣ ಫೋನ್‌ಗೆ ಸುದ್ದಿ ಬರಬೇಕು. ತ್ರೀಫೇಸ್ ಕೊಡುವುದೇ ಕೆಲವು ಗಂಟೆ, ಅದೂ ಎಷ್ಟೋ ಕಡೆ ರಾತ್ರಿ ಪಾಳಿಯಲ್ಲಿ. ಸುದ್ದಿ ಅರ್ಧ ಗಂಟೆ ತಡವಾದರೆ ಅರ್ಧ ಗಂಟೆ ನೀರು ಹೋಯಿತು ಅಂತ ಲೆಕ್ಕ.

2015ರಲ್ಲಿ ಆಂಡ್ರಾಯ್ಡ್ 6ರ ಜೊತೆ ಡೋಜ್ ಬಂತು. ಸ್ಕ್ರೀನ್ ಆಫ್ ಇದೆ, ಚಾರ್ಜರ್ ಹಾಕಿಲ್ಲ, ಫೋನ್ ಅಲುಗಾಡುತ್ತಿಲ್ಲ ಅಂದರೆ ಫೋನ್ ಗಾಢ ನಿದ್ದೆಗೆ ಹೋಗುತ್ತದೆ. ನೆಟ್‌ವರ್ಕ್ ಬಂದ್, ವೇಕ್‌ಲಾಕ್‌ಗೆ (ಫೋನ್ ಮಲಗದಂತೆ ಆಪ್ ಹಾಕುವ ತಡೆಗೆ) ಬೆಲೆ ಇಲ್ಲ, ಸಾಮಾನ್ಯ ಅಲಾರಂ ಮುಂದಕ್ಕೆ. ಆಗಾಗ ಒಂದು ಸಣ್ಣ ಕಿಟಕಿ ತೆರೆದು "ಬೇಗ ಬೇಗ ಕೆಲಸ ಮುಗಿಸಿಕೊಳ್ಳಿ" ಅನ್ನುತ್ತದೆ. ಹೊತ್ತು ಹೋದಂತೆ ಆ ಕಿಟಕಿಗಳ ನಡುವಿನ ಅಂತರ ಹೆಚ್ಚುತ್ತಾ ಹೋಗುತ್ತದೆ. ಈಗ ರಾತ್ರಿ ಒಂದು ಗಂಟೆಗೆ ರೈತರ ಫೋನ್ ಎಲ್ಲಿರುತ್ತದೆ ಹೇಳಿ. ಗೂಡಿನಲ್ಲೋ ದಿಂಬಿನ ಪಕ್ಕದಲ್ಲೋ, ಚಾರ್ಜರ್ ಇಲ್ಲದೆ, ಅಲುಗಾಡದೆ. ಡೋಜ್‌ಗೆ ಬೇಕಾದ ಮೂರೂ ಷರತ್ತು ಪೂರ್ತಿ! ನಮಗೆ ಅತಿ ಮುಖ್ಯವಾದ ಗಳಿಗೆಯೇ ಓಎಸ್ ಕಣ್ಣಿಗೆ "ಏನೂ ಆಗುತ್ತಿಲ್ಲ, ಮಲಗೋಣ" ಅನ್ನುವ ಗಳಿಗೆ.

ಇದಕ್ಕೆ ರಾಜಮಾರ್ಗ ಒಂದಿದೆ, ನಮ್ಮ ಸರ್ವರ್‌ನಿಂದ ಹೈ ಪ್ರಯಾರಿಟಿ ಪುಶ್ ಕಳಿಸುವುದು. ಅದು ಡೋಜ್ ಅನ್ನು ದಾಟಿ ಬರುತ್ತದೆ. ಹಾಗೇ ಮಾಡಿದೆವು, ಸರಿಹೋಯಿತು. ಆದರೆ ಕೆಲವು ಕಂಪನಿಯ ಫೋನ್‌ಗಳಲ್ಲಿ ಆಂಡ್ರಾಯ್ಡ್ ಮೇಲೆ ಅವರದ್ದೇ ಒಂದು ಬ್ಯಾಟರಿ ಕಾವಲುಗಾರ ಇರುತ್ತದೆ. ಬಳಕೆದಾರರು ಆಪ್ ಅನ್ನು ಪಟ್ಟಿಯಿಂದ ಮೇಲಕ್ಕೆ ತಳ್ಳಿದರೆ ಸಾಕು, ಫೋರ್ಸ್ ಸ್ಟಾಪ್ ಮಾಡಿಬಿಡುತ್ತದೆ. ಆಮೇಲೆ ಪುಶ್ ಕೂಡ ಬರುವುದಿಲ್ಲ. "ನಿಮ್ಮ ಆಪ್ ಸರಿಯಿಲ್ಲ ಕಣ್ರೀ" ಅಂತ ರೈತರು ನಮ್ಮನ್ನು ಬೈಯುತ್ತಾರೆ. ಕೊನೆಗೆ "ಬ್ಯಾಟರಿ ಸೆಟ್ಟಿಂಗ್‌ಗೆ ಹೋಗಿ, ಇದನ್ನು ಒತ್ತಿ, ಅದನ್ನು ಒತ್ತಿ" ಅಂತ ವಿಡಿಯೋ ಮಾಡಿ ಕಳಿಸಿದ್ದೇವೆ. ಫೋನ್ ಕಂಪನಿಗೊಂದು ವಿಡಿಯೋ.

ಹಾಗಾಗಿ ನನ್ನ ಕೇಳಿಕೆ ತಮ್ಮಂದಿರೇ, ಬಜೆಟ್ ಇಟ್ಟರೆ ಇಡಿ, ಆದರೆ ಎಷ್ಟು ಅಂತ ನನಗೂ ಹೇಳಿ. ಈಗಿನದ್ದರಲ್ಲಿ ನಿಯಮ ಏನು ಅಂತಲೇ ಗೊತ್ತಾಗುವುದಿಲ್ಲ. ದಿನಕ್ಕೆ 50 ಜೌಲ್ ಕೊಟ್ಟು "ಇದರಲ್ಲಿ ಸಂಸಾರ ಮಾಡು" ಅಂದರೆ ನಾನು ಮಾಡಿ ತೋರಿಸುತ್ತೇನೆ.

ಕರ್ನಲ್_ಕಟ್ಟೆ

ಪಂಪ್‌ಸೆಟ್ ಅವರ ಮಾತಿನಲ್ಲೇ ನಾನು ಕೇಳಿದ ಪ್ರಶ್ನೆಗೆ ಉತ್ತರ ಇದೆ. ನಿಜವಾದ ಓಎಸ್‌ಗಳು ಜೌಲ್ ಹಂಚುವ ದಾರಿ ಬಿಟ್ಟು, ಏಳುವ ಪರವಾನಗಿ ಹಂಚುವ ದಾರಿ ಹಿಡಿದವು. ಇದೇ ನನ್ನ ವಾದ.

ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಲಿನಕ್ಸ್‌ನಲ್ಲಿ ಮೊದಲು ಟೈಮರ್ ಟಿಕ್ ಅಂತ ಸೆಕೆಂಡಿಗೆ 100, 250, ಇಲ್ಲವೇ 1000 ಸಲ ಬಡಿಯುತ್ತಿತ್ತು. ಮಾಡಲು ಕೆಲಸ ಇರಲಿ ಬಿಡಲಿ, ಸಿಪಿಯು ಎದ್ದು "ಏನಾದರೂ ಇದೆಯಾ" ಅಂತ ನೋಡಿ ಮಲಗುತ್ತಿತ್ತು. ಆಳವಾದ ನಿದ್ದೆಗೆ ಹೋಗಿ ಬರುವುದಕ್ಕೇ ಒಂದಿಷ್ಟು ಖರ್ಚಿದೆ. ಮಿಲಿಸೆಕೆಂಡಿಗೊಮ್ಮೆ ಎಬ್ಬಿಸಿದರೆ ಸಿಪಿಯು ಬರೀ ತೂಕಡಿಸುತ್ತದೆ, ನಿದ್ದೆ ಮಾಡುವುದಿಲ್ಲ. 2007ರಲ್ಲಿ 2.6.21 ಕರ್ನಲ್‌ನಲ್ಲಿ ಟಿಕ್‌ಲೆಸ್ ಬಂತು. ಕೆಲಸ ಇಲ್ಲದಾಗ ಟಿಕ್ ಇಲ್ಲ.

ಆಗ ಎಲ್ಲರಿಗೂ ಒಂದು ಆಘಾತ ಕಾದಿತ್ತು. ಕರ್ನಲ್ ಸುಮ್ಮನಾಯಿತು, ಆದರೂ ಸಿಪಿಯು ಮಲಗುತ್ತಿಲ್ಲ. ಅದೇ ವರ್ಷ ಇಂಟೆಲ್‌ನವರು ಪವರ್‌ಟಾಪ್ ಬಿಟ್ಟರು. ಯಾವ ಪ್ರೋಗ್ರಾಂ ಸೆಕೆಂಡಿಗೆ ಎಷ್ಟು ಸಲ ಸಿಪಿಯು ಎಬ್ಬಿಸುತ್ತಿದೆ ಅಂತ ಪಟ್ಟಿ ಹಾಕಿ ತೋರಿಸುವ ಸಾಧನ. ಗಡಿಯಾರ ತೋರಿಸುವ ಪುಟ್ಟ ಪ್ರೋಗ್ರಾಂ, ವಾಲ್ಯೂಮ್ ಬದಲಾಗಿದೆಯಾ ಅಂತ ಪದೇ ಪದೇ ಇಣುಕುವ ಪ್ರೋಗ್ರಾಂ, ಎಲ್ಲಾ ಕಳ್ಳರು ಸಾಲಾಗಿ ಸಿಕ್ಕಿಬಿದ್ದರು. ಪಟ್ಟಿಯಲ್ಲಿ ತಮ್ಮ ಪ್ರೋಗ್ರಾಂ ಹೆಸರು ನೋಡಿದ ಡೆವಲಪರ್‌ಗಳು ನಾಚಿಕೆಗೇ ಸರಿಪಡಿಸಿದರು. ಬಜೆಟ್ ಇಲ್ಲ, ದಂಡ ಇಲ್ಲ, ಬರೀ ಪಟ್ಟಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಎನರ್ಜಿ ಉಳಿಸಿದ ಉಪಾಯ ಇನ್ನೊಂದಿಲ್ಲ ಅನ್ನಿಸುತ್ತದೆ ನನಗೆ.

ಆಪಲ್ 2013ರಲ್ಲಿ ಮ್ಯಾವೆರಿಕ್ಸ್‌ನಲ್ಲಿ ಮಾಡಿದ್ದೂ ಇದೇ ಜಾತಿಯದ್ದು. ಹತ್ತಿರ ಹತ್ತಿರ ಇರುವ ಟೈಮರ್‌ಗಳನ್ನು ಒಟ್ಟು ಮಾಡಿ ಒಂದೇ ಸಲ ಸಿಪಿಯು ಎಬ್ಬಿಸುವುದು, ಕಾಣದ ಕಿಟಕಿಯ ಆಪ್ ಅನ್ನು ತೂಕಡಿಸಲು ಬಿಡುವುದು. ಮೆನುವಿನಲ್ಲಿ "ಜಾಸ್ತಿ ಎನರ್ಜಿ ತಿನ್ನುತ್ತಿರುವ ಆಪ್‌ಗಳು" ಅಂತ ಹೆಸರು ಹಾಕಿದ್ದು ಮಾತ್ರ ಅಪ್ಪಟ ಪವರ್‌ಟಾಪ್ ಬುದ್ಧಿ. ಆಂಡ್ರಾಯ್ಡ್‌ನದ್ದು 2014ರ ಜಾಬ್ ಶೆಡ್ಯೂಲರ್, ಆಮೇಲೆ ಡೋಜ್, 2018ರಲ್ಲಿ ಆಂಡ್ರಾಯ್ಡ್ 9ರ ಸ್ಟ್ಯಾಂಡ್‌ಬೈ ಬಕೆಟ್. ನೀವು ಯಾವ ಆಪ್ ಎಷ್ಟು ಬಳಸುತ್ತೀರಿ ಎನ್ನುವುದರ ಮೇಲೆ ಅದಕ್ಕೊಂದು ಬಕೆಟ್. ಅಪರೂಪಕ್ಕೆ ತೆರೆಯುವ ಆಪ್‌ಗೆ ಏಳುವ ಅವಕಾಶವೂ ಅಪರೂಪ. ಎಲ್ಲೂ ಜೌಲ್ ಇಲ್ಲ, ನೋಡಿ. ಎಷ್ಟು ಸಲ ಏಳಬಹುದು, ಯಾವಾಗ ಏಳಬಹುದು, ಅಷ್ಟೇ. ಎಣಿಸಲು ಸುಲಭ, ಹೊಣೆ ಯಾರದ್ದು ಅನ್ನುವ ಗೊಂದಲವೂ ಕಡಿಮೆ.

ಓಎಸ್_ಮೇಡಂ

ಒಪ್ಪುತ್ತೇನೆ, ಆದರೆ ಒಂದು ಕಡೆ ಜೌಲ್ ಲೆಕ್ಕ ಕರ್ನಲ್ ಒಳಗೇ ಬಂದಿದೆ, ಅದನ್ನು ಬಿಟ್ಟಿರಿ. 2019ರ ಲಿನಕ್ಸ್ 5.0ರಲ್ಲಿ ಸೇರಿದ ಎನರ್ಜಿ ಅವೇರ್ ಶೆಡ್ಯೂಲಿಂಗ್. ಫೋನ್ ಚಿಪ್‌ನಲ್ಲಿ ದೊಡ್ಡ ಕೋರ್, ಸಣ್ಣ ಕೋರ್ ಎರಡೂ ಇರುತ್ತವಲ್ಲ, ಯಾವ ವೇಗದಲ್ಲಿ ಯಾವ ಕೋರ್ ಎಷ್ಟು ಪವರ್ ತಿನ್ನುತ್ತದೆ ಅಂತ ಕರ್ನಲ್ ಹತ್ತಿರ ಒಂದು ಕೋಷ್ಟಕ ಇರುತ್ತದೆ. ಟಾಸ್ಕ್ ಎದ್ದಾಗ "ಇಲ್ಲಿ ಹಾಕಿದರೆ ಎಷ್ಟು ಖರ್ಚು, ಅಲ್ಲಿ ಹಾಕಿದರೆ ಎಷ್ಟು" ಅಂತ ಲೆಕ್ಕ ಮಾಡಿ ಅಗ್ಗದ ಜಾಗ ಹುಡುಕುತ್ತದೆ. ಕೋರ್‌ಗಳು ಶೇ. 80ಕ್ಕಿಂತ ಜಾಸ್ತಿ ತುಂಬಿದರೆ ಈ ಲೆಕ್ಕವನ್ನು ಬದಿಗಿಟ್ಟು ಹಳೆಯ ರೀತಿಗೆ ಮರಳುತ್ತದೆ.

ಆದರೆ ಇದು ಬಜೆಟ್ ಅಲ್ಲ, ಜಿಪುಣತನ. ಎಷ್ಟು ಕೆಲಸ ಇದ್ದರೂ ಅಷ್ಟನ್ನೂ ಅಗ್ಗವಾಗಿ ಮಾಡುತ್ತದೆ. "ಇಷ್ಟಕ್ಕಿಂತ ಜಾಸ್ತಿ ಮಾಡಬೇಡ" ಅನ್ನುವುದಿಲ್ಲ.

ರಾತ್ರಿ_ಪಾಳಿ

ಬಜೆಟ್ ನೋಡಬೇಕು ಅಂದರೆ ಸರ್ವರ್ ಕಡೆ ಬನ್ನಿ. ಅಲ್ಲಿ ಬ್ಯಾಟರಿ ಖಾಲಿಯಾಗುವ ಭಯ ಇಲ್ಲ, ರ್‍ಯಾಕ್‌ಗೆ ಬರುವ ವೈರ್‌ಗೆ ಮಿತಿ ಇದೆ. ಇಷ್ಟು ಕಿಲೋವಾಟ್ ದಾಟಿದರೆ ಬ್ರೇಕರ್ ಬೀಳುತ್ತದೆ. ಅದಕ್ಕೆ ರ್‍ಯಾಪಲ್‌ನಲ್ಲಿ ಓದುವ ಜೊತೆಗೆ ಕ್ಯಾಪ್ ಕೂಡ ಹಾಕಬಹುದು. ಈ ಸಿಪಿಯು ಸರಾಸರಿ 90 ವಾಟ್ ದಾಟಬಾರದು ಅಂತ ಬರೆದರೆ ಹಾರ್ಡ್‌ವೇರ್ ತಾನೇ ವೇಗ ಇಳಿಸಿ ಒಳಗೆ ಇರುತ್ತದೆ. ಕೆಲಸ ಮಾಡುತ್ತದೆ, ಅನುಮಾನ ಬೇಡ.

ಕಷ್ಟ ಎಲ್ಲಿ ಅಂದರೆ, ಒಂದೇ ಸಿಪಿಯು ಮೇಲೆ ಹತ್ತಾರು ಗಿರಾಕಿಗಳ ಕಂಟೇನರ್ (ಒಬ್ಬೊಬ್ಬರ ಪ್ರೋಗ್ರಾಂಗಳನ್ನು ಬೇರೆ ಬೇರೆ ಇಡುವ ಡಬ್ಬಿ) ಓಡುತ್ತಿರುತ್ತವೆ. ಒಬ್ಬ ಭಾರೀ ಲೆಕ್ಕ ಹಾಕಿ ಮಿತಿ ಮುಟ್ಟಿಸಿದರೆ ಎಲ್ಲರಿಗೂ ವೇಗ ಇಳಿಯುತ್ತದೆ. ಶಿಕ್ಷೆ ಊರಿಗೆಲ್ಲ. ಕಂಟೇನರ್‌ಗಳನ್ನು ನಿಭಾಯಿಸುವ ಕುಬರ್ನೆಟೀಸ್ ಮೇಲೆ ಕೆಪ್ಲರ್ ಅಂತ ಒಂದು ಸಾಧನ ಇದೆ, ಕಂಟೇನರ್‌ಗೆ ಎಷ್ಟು ಎನರ್ಜಿ ಅಂತ ಹೇಳಲು. ಅದೂ ಒಟ್ಟು ಮೀಟರ್ ಸಂಖ್ಯೆಯನ್ನು ಯಾರು ಎಷ್ಟು ಸಿಪಿಯು ಬಳಸಿದರು ಅನ್ನುವ ಅನುಪಾತದಲ್ಲಿ ಪಾಲು ಮಾಡುತ್ತದೆ. ವರದಿಗೆ ಸಾಕು. ಅದರ ಮೇಲೆ ಗಿರಾಕಿಗೆ ಬಿಲ್ ಹಾಕು ಅಂದರೆ ನಾನಂತೂ ಸಹಿ ಹಾಕುವುದಿಲ್ಲ.

ಸಂಶಯ_ಪಿಶಾಚಿ

ಯಾರೂ ಯುಐ ಬಗ್ಗೆ ಮಾತೇ ಎತ್ತುತ್ತಿಲ್ಲ. 5000 ಎಂಎಎಚ್ ಬ್ಯಾಟರಿ ತಗೊಳ್ಳಿ. 3.85 ವೋಲ್ಟ್ ಅಂದರೆ ಸುಮಾರು 19 ವಾಟ್‌ಅವರ್, 69,300 ಜೌಲ್. ದಿನಪೂರ್ತಿ ಬರಬೇಕು ಅಂದರೆ ಸರಾಸರಿ 0.8 ವಾಟ್. ಇದನ್ನು ನಲವತ್ತು ಆಪ್‌ಗೆ ಹಂಚು ಅಂತ ನಮ್ಮಮ್ಮನ ಕೈಗೆ ಫೋನ್ ಕೊಟ್ಟರೆ ಏನು ಮಾಡುತ್ತಾರೆ? ನಾನೇ ಏನು ಮಾಡುತ್ತೇನೋ ಗೊತ್ತಿಲ್ಲ. ಮ್ಯಾಪ್‌ಗೆ ಶೇ. 10 ಕೊಟ್ಟೆ, ಶಿರಾಡಿ ಘಾಟಿ ಮಧ್ಯೆ ಬಜೆಟ್ ಮುಗಿಯಿತು, ಮ್ಯಾಪ್ ನಿಂತಿತು. ಬ್ಯಾಟರಿ ಇನ್ನೂ ಶೇ. 60 ಇದೆ. ಫೋನ್ ಎಸೆಯಬೇಕು ಅನ್ನಿಸುವುದಿಲ್ಲವೇ?

ಕರ್ನಲ್_ಕಟ್ಟೆ

ಹಾ ಹಾ, ಅದಕ್ಕೇ ಒಡಿಸ್ಸಿ ಇಷ್ಟ ಅಂದಿದ್ದು. ನಿಲ್ಲಿಸಬೇಡ, ಇಳಿಸು. ಮ್ಯಾಪ್ ನಿಲ್ಲುವ ಬದಲು ಸ್ಯಾಟಲೈಟ್ ಚಿತ್ರ ಬಿಟ್ಟು ಬರೀ ಗೆರೆ ತೋರಿಸಲಿ.

ಮತ್ತೆ ಬಜೆಟ್ ಯಾಕೆ ಕಣ್ಣಮುಂದೆ ಇರುವ ಆಪ್‌ಗೆ? ನೀವು ನೋಡುತ್ತಿರುವುದಕ್ಕೆ ಖರ್ಚು ಮಾಡಲು ಯಾರ ಅಭ್ಯಂತರವೂ ಇಲ್ಲ. ಹಿಂದೆ ಕೂತು ತಿನ್ನುವವರಿಗೆ ಮಾತ್ರ ಬಜೆಟ್ ಇಡಿ. ಆಗ ಬಳಕೆದಾರರಿಗೆ ಪ್ರಶ್ನೆ ಕೇಳುವುದೇ ಬೇಡ. ಪಂಪ್‌ಸೆಟ್ ಅವರು ಕೇಳಿದ 50 ಜೌಲ್ ಅಲ್ಲಿ ಚೆನ್ನಾಗಿ ಕೂರುತ್ತದೆ. ಹೇಗೆ ಬೇಕಾದರೂ ಖರ್ಚು ಮಾಡಿಕೊಳ್ಳಲಿ, ರಾತ್ರಿ ಒಂದಕ್ಕೇ ಎಲ್ಲವನ್ನೂ ಸುರಿಯಲಿ.

ಪಂಪ್‌ಸೆಟ್_ಆಪ್

ಇದು ಮಾತು! ಎಲ್ಲಿ ಸಹಿ ಹಾಕಲಿ?

ಏಳನೇ_ಸೆಮ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋನ್ ಕೈಬಿಟ್ಟೆ. ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್, ಹಿನ್ನೆಲೆಯ ಪ್ರೋಗ್ರಾಂಗಳಿಗೆ ಮಾತ್ರ ಬಜೆಟ್, ಸಿಪಿಯು ಎನರ್ಜಿ ಮಾತ್ರ. ರ್‍ಯಾಪಲ್ ಓದುವುದು, ಸಿಗ್ರೂಪ್‌ಗಳ ನಡುವೆ ಪಾಲು ಮಾಡುವುದು, ಪಾಲು ಮುಗಿದವರನ್ನು ತಡೆಯುವುದು. ಲಿನಕ್ಸ್ 6.12ರಲ್ಲಿ ಶೆಡ್ ಎಕ್ಸ್‌ಟ್ ಬಂದಿದೆಯಲ್ಲ, ಬಿಪಿಎಫ್‌ನಲ್ಲಿ (ಕರ್ನಲ್ ಒಳಗೆ ನಮ್ಮ ಕೋಡ್ ಓಡಿಸುವ ದಾರಿ) ನಮ್ಮದೇ ಶೆಡ್ಯೂಲರ್ ಬರೆಯಬಹುದಂತೆ. ಅದರಲ್ಲಿ ಮಾಡಲೇ?

ಕರ್ನಲ್_ಕಟ್ಟೆ

ಮೊದಲು ಅದು ಬೇಡ. ಶೆಡ್ಯೂಲರ್ ಬರೆಯಲು ಕೂತರೆ ಸೆಮ್ ಮುಗಿದುಹೋಗುತ್ತದೆ. ಸಿಗ್ರೂಪ್‌ನಲ್ಲಿ ಈಗಾಗಲೇ ಗುಂಪನ್ನು ನಿಲ್ಲಿಸಿಡುವ ಫ್ರೀಜ್ ಇದೆ, ಸಿಪಿಯು ಸಮಯಕ್ಕೆ ಮಿತಿ ಹಾಕುವ ಸಿಪಿಯು ಮ್ಯಾಕ್ಸ್ ಇದೆ. ಹೊರಗಿನಿಂದ ಒಂದು ಪೈಥಾನ್ ಸ್ಕ್ರಿಪ್ಟ್ ಅವೆರಡನ್ನು ತಿರುಗಿಸಿದರೆ ಸಾಕು. ಅದು ಸರಿಯಾಗಿ ನಡೆದ ಮೇಲೆ ಶೆಡ್ ಎಕ್ಸ್‌ಟ್ ನೋಡಿ.

ಪಾಲು ಮಾಡುವಾಗ ಸುಮ್ಮನೆ ಕೂತ ಸಿಪಿಯುವಿನ ಖರ್ಚನ್ನು ಬೇರೆ ಇಡಿ. ಯಾರೂ ಏನೂ ಮಾಡದಿದ್ದರೂ ಪ್ಯಾಕೇಜ್ ಒಂದಿಷ್ಟು ವಾಟ್ ತಿನ್ನುತ್ತಲೇ ಇರುತ್ತದೆ. ಅದನ್ನೂ ಪ್ರೋಗ್ರಾಂಗಳ ತಲೆಗೆ ಕಟ್ಟಿದರೆ, ಒಂದೇ ಒಂದು ಸಣ್ಣ ಪ್ರೋಗ್ರಾಂ ಓಡುತ್ತಿದ್ದಾಗ ಅದೇ ಮಹಾ ತಿಂಡಿಪೋತನ ಹಾಗೆ ಕಾಣುತ್ತದೆ. ಎಎಂಡಿ ಜೆನ್ ಲ್ಯಾಪ್‌ಟಾಪ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ಕೋರ್‌ಗೊಂದು ಎನರ್ಜಿ ಕೌಂಟರ್ ಇದೆ. ಒಂದು ಕೋರ್‌ಗೆ ಒಂದೇ ಸಿಗ್ರೂಪ್ ಕಟ್ಟಿಹಾಕಿ ಅಳೆದು, ನಿಮ್ಮ ಪಾಲಿನ ಲೆಕ್ಕ ಎಷ್ಟು ತಪ್ಪುತ್ತದೆ ಅಂತ ಹೋಲಿಸಿ ನೋಡಬಹುದು. ವೈವಾದಲ್ಲಿ ಕೇಳುವುದೇ ಅದನ್ನು.

ರಾತ್ರಿ_ಪಾಳಿ

ವರ್ಚುವಲ್ ಬಾಕ್ಸ್ ಒಳಗೆ ಮಾಡಲು ಹೋಗಬೇಡಿ, ಕೌಂಟರ್ ಕಾಣಿಸುವುದಿಲ್ಲ. ಟರ್ಬೋ (ಸಿಪಿಯು ತಾನೇ ವೇಗ ಏರಿಸಿಕೊಳ್ಳುವುದು) ಆಫ್ ಮಾಡಿ ಒಂದು ಸಲ, ಆನ್ ಮಾಡಿ ಒಂದು ಸಲ ಅಳೆಯಿರಿ. ಅಳೆಯುವ ಸ್ಕ್ರಿಪ್ಟ್ ಸೆಕೆಂಡಿಗೆ ಸಾವಿರ ಸಲ ಕೌಂಟರ್ ಓದುವ ಹಾಗೆ ಬರೆಯಬೇಡಿ, ಪವರ್‌ಟಾಪ್ ಪಟ್ಟಿಯಲ್ಲಿ ಮೊದಲನೇ ಹೆಸರು ಅದರದ್ದೇ ಬರುತ್ತದೆ.